ಮೊಳೆ ಇಲ್ಲ, ಇಂಜಿನ್ ಇಲ್ಲ, ಯೂಸರ್ ಮ್ಯಾನುವಲ್ ಕೂಡ ಇಲ್ಲ

ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಎರಡು ಮರದ ತುಂಡು ಸರಿಯಾಗಿ ಜೋಡಿಸೋಕೆ ನಾವು ಪಟ್ಟ ಪಾಡು ನೆನಪಿದೆಯಾ? ಸುಮಾರು 20 ಮೀಟರ್ ಉದ್ದ, 6.5 ಮೀಟರ್ ಅಗಲದ ಹಡಗೊಂದನ್ನು ಹಲಗೆಗೆ ಹಲಗೆ ಹೊಲಿದು ಕಟ್ಟಿದ್ದಾರೆ. ಹೌದು, ಹೊಲಿದು. ಅದೂ ತೆಂಗಿನ ನಾರಿನ ಹಗ್ಗದಿಂದ. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದೇ ವರ್ಷ ಡಿಸೆಂಬರ್ 29ಕ್ಕೆ ಗುಜರಾತಿನ ಪೋರಬಂದರಿನಿಂದ ಹೊರಟು, 2026ರ ಜನವರಿ 14ಕ್ಕೆ ಒಮಾನಿನ ಮಸ್ಕತ್ ಮುಟ್ಟಿತು. ಎಲ್ಲರೂ ಪ್ರಯಾಣದ ಬಗ್ಗೆ ಮಾತಾಡಿದರು. ನನಗೆ ಕುತೂಹಲ ಇದ್ದದ್ದು ಅದಕ್ಕೂ ಮುಂಚಿನ ತಯಾರಿ ಬಗ್ಗೆ.

ಮೊದಲ ತೊಂದರೆ, ಡ್ರಾಯಿಂಗೇ ಇಲ್ಲ! ಇದ್ದದ್ದು ಅಜಂತಾ ಗುಹೆಯಲ್ಲಿರೋ 5ನೇ ಶತಮಾನದ ಒಂದು ಹಡಗಿನ ಚಿತ್ರ. ಚಿತ್ರಕಾರ ಫ್ರಂಟ್ ವ್ಯೂ, ಟಾಪ್ ವ್ಯೂ ಎಲ್ಲ ಬರೆದುಕೊಟ್ಟಿಲ್ಲವಲ್ಲ. ಆ ಒಂದು ನೋಟದಿಂದಲೇ ಹಡಗಿನ ಮೂರು ಆಯಾಮದ ಆಕಾರ ಊಹಿಸಿ, ನೀರಿನಲ್ಲಿ ಅದು ಹೇಗೆ ವರ್ತಿಸುತ್ತೆ ಅಂತ ಐಐಟಿ ಮದ್ರಾಸ್‌ನ ಓಷನ್ ಇಂಜಿನಿಯರಿಂಗ್ ವಿಭಾಗದಲ್ಲಿ ಮಾಡೆಲ್ ಇಟ್ಟು ಪರೀಕ್ಷಿಸಿದರು. ಮರದ ಕೂವೆಮರ ಗಾಳಿಯ ಭಾರ ತಡೆಯುತ್ತಾ ಅಂತ ನೌಕಾಪಡೆಯೇ ನೋಡಿತು. ಕಟ್ಟಿದ್ದು ಗೋವಾದಲ್ಲಿ, ಕೇರಳದ ಕುಶಲಕರ್ಮಿಗಳು. ಅವರ ಮುಖ್ಯಸ್ಥ ಬಾಬು ಶಂಕರನ್. 2023ರ ಸೆಪ್ಟೆಂಬರಿನಲ್ಲಿ ಅಡಿಮರ ಇಟ್ಟು, 2025ರ ಫೆಬ್ರವರಿಯಲ್ಲಿ ನೀರಿಗಿಳಿಸಿದರು.

ಹೊಲಿಗೆ ಅಂದಾಗ ನಾನು ಮೊದಲು ಅಂದುಕೊಂಡಿದ್ದು, ಮೊಳೆ ಸಿಗದೇ ಇದ್ದಿದ್ದಕ್ಕೆ ಮಾಡಿದ ಅಡ್ಜಸ್ಟ್‌ಮೆಂಟ್ ಇರಬೇಕು ಅಂತ. ತಪ್ಪು. ಹಲಗೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸ್ತಾರೆ. ಅಂಚಿನುದ್ದಕ್ಕೂ ತೂತು ಕೊರೆದು, ಸಂದಿಯ ಮೇಲೆ ನಾರು ಒತ್ತಿ, ಹಗ್ಗ ಬಿಗಿದು, ಮರದ ಅಂಟಿನಿಂದ ಮುಚ್ತಾರೆ. ಅಲೆ ಹೊಡೆದಾಗ ಇಡೀ ಮೈ ಸ್ವಲ್ಪ ಬಾಗುತ್ತೆ, ಆದ್ದರಿಂದ ಹೊಡೆತ ಒಂದೇ ಜಾಯಿಂಟಿನ ಮೇಲೆ ಬೀಳದೆ ಹಂಚಿಹೋಗುತ್ತೆ. ತುಕ್ಕಿನ ಚಿಂತೆ ಇಲ್ಲ. ಉಪ್ಪುನೀರಿಗೆ ನಾರು ಬೇಗ ಕೊಳೆಯೋದೂ ಇಲ್ಲ. ಇನ್ನು ಮರ ನೀರು ಕುಡಿದು ಊದಿಕೊಂಡಾಗ ಸಂದಿಗಳು ಇನ್ನಷ್ಟು ಬಿಗಿಯಾಗ್ತವೆ. ಹಾಗಂತ ಒಂದು ಹನಿಯೂ ಒಳಗೆ ಬರಲ್ಲ ಅಂತಲ್ಲ. ಇಂಥ ಹಡಗಿನಲ್ಲಿ ತಳಕ್ಕೆ ಸೇರಿದ ನೀರು ಎತ್ತಿ ಹಾಕೋದು ದಿನನಿತ್ಯದ ಕೆಲಸ.

ಹೊರಡೋ ದಿನವನ್ನೂ ಸುಮ್ಮನೆ ಆರಿಸೋಕಾಗಲ್ಲ. ಚೌಕದ ಹಾಯಿಗೆ ಗಾಳಿ ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು, ಎದುರುಗಾಳಿಗೆ ಅದು ಹೆಚ್ಚು ಮುಂದೆ ಹೋಗಲ್ಲ. ಚಳಿಗಾಲದಲ್ಲಿ ಅರಬ್ಬೀ ಸಮುದ್ರದ ಮೇಲೆ ಗಾಳಿ ಈಶಾನ್ಯದಿಂದ ಬೀಸುತ್ತೆ. ಪೋರಬಂದರಿನಿಂದ ಮಸ್ಕತ್ ಇರೋದು ಪಶ್ಚಿಮಕ್ಕೆ, ಚೂರು ಉತ್ತರಕ್ಕೆ. ಮ್ಯಾಪ್ ಮೇಲೆ ಗೆರೆ ಎಳೆದು ನೋಡಿ, ಗಾಳಿ ಹಡಗಿನ ಬಲಗಡೆ ಹಿಂಬದಿಯಿಂದ ಬರುತ್ತೆ. ಮುಂಗಾರಿನಲ್ಲಿ ಹೊರಟಿದ್ದರೆ ನೈಋತ್ಯದ ಗಾಳಿ, ದೊಡ್ಡ ಅಲೆ, ಕಥೆಯೇ ಬೇರೆ.

ಇನ್ನು ಜನ. ಅವರು ತರಬೇತಾದ ನಾವಿಕರೇ, ಆದರೆ ಈ ಹಡಗಿನ ಚೌಕದ ಹಾಯಿ, ಮರದ ದೂಲ ಯಾವುದೂ ಇವತ್ತಿನ ಯುದ್ಧನೌಕೆಗಳಲ್ಲಿ ಬಳಕೆಯಲ್ಲಿಲ್ಲ. ತಿರುಗಿಸೋಕೆ ಚುಕ್ಕಾಣಿ ಚಕ್ರದ ಬದಲು ದೊಡ್ಡ ಹುಟ್ಟುಗಳು. ಗಾಳಿ ಜೋರಾದರೆ ಹಾಯಿ ಇಳಿಸಬೇಕು, ಅದಕ್ಕಿರೋದು ಹಗ್ಗ ಮತ್ತು ತೋಳು ಮಾತ್ರ. ಎಷ್ಟು ಜನ ಎಳೆಯಬೇಕು, ಯಾವ ಹಗ್ಗ ಮೊದಲು ಬಿಡಬೇಕು ಅನ್ನೋದನ್ನ ದಡದ ಹತ್ತಿರ ಟ್ರಯಲ್ ಮಾಡಿ ಮಾಡಿಯೇ ಕಲಿಯಬೇಕು. ಮಧ್ಯಸಮುದ್ರದಲ್ಲಿ ಗೂಗಲ್ ಮಾಡೋಕಾಗಲ್ಲ. ನಮ್ಮ ವೈವಾ ಇದಕ್ಕಿಂತ ಎಷ್ಟೋ ವಾಸಿ.

ಒಂದು ಚಿಕ್ಕ ಲೆಕ್ಕ ಹಾಕಿದೆ. ನೇರ ದೂರ ಸುಮಾರು 1,150 ಕಿ.ಮೀ., ದಿನ 16. ಅಂದರೆ ಸರಾಸರಿ ಗಂಟೆಗೆ 3 ಕಿ.ಮೀ., ನಾವು ಹಾಸ್ಟೆಲ್‌ನಿಂದ ಕ್ಲಾಸಿಗೆ ನಡೆಯೋದಕ್ಕಿಂತ ನಿಧಾನ. ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಅಂತ ಇಟ್ಟುಕೊಂಡರೂ 18 ಜನಕ್ಕೆ 1,152 ಲೀಟರ್. ಗಾಳಿ ನಿಂತು ಹೋದರೆ? ಇಂಜಿನ್ ಇಲ್ಲವಲ್ಲ, ಹಾಗಾಗಿ ಇನ್ನೂ ಹೆಚ್ಚೇ ತುಂಬಿಸಿಕೊಳ್ಳಬೇಕು. ಒಂದು ಟನ್‌ಗೂ ಹೆಚ್ಚು ತೂಕದ ಆ ನೀರನ್ನ ಎಲ್ಲಿಡ್ತೀರಿ ಅನ್ನೋದೂ ಮುಖ್ಯ. ತಳದಲ್ಲಿಟ್ಟರೆ ಹಡಗು ಸ್ಥಿರವಾಗಿರುತ್ತೆ, ಮೇಲಿಟ್ಟರೆ ಸೆಂಟರ್ ಆಫ್ ಗ್ರಾವಿಟಿ ಏರಿ ಓಲಾಟ ಅಪಾಯಕಾರಿ ಆಗುತ್ತೆ.

ಹಾಂ, ಹಾಯಿಯ ಮೇಲಿನ ಚಿತ್ರ ಗಮನಿಸಿದ್ರಾ? ಎರಡು ತಲೆಯ ಹಕ್ಕಿ. ನಮ್ಮ ರಾಜ್ಯ ಲಾಂಛನದಲ್ಲಿರೋ ಗಂಡಭೇರುಂಡವೇ.