ತೂಬು ಮಾರಿದರು, ಕೋಡಿಗೆ ಜಾಲರಿ ಹಾಕಿದರು

ಸಾಕಿದ ಮೀನು ತಪ್ಪಿಸಿಕೊಂಡು ಹೋಗಬಾರದು ಎಂದು ಹಾಕಿದ ಕಬ್ಬಿಣದ ಜಾಲರಿಯೊಂದು ಇಡೀ ಊರಿನ ಸಾವಿಗೆ ಕಾರಣಗಳಲ್ಲಿ ಒಂದಾಗಬಹುದೇ? ಆಗಿದೆ. 1889ರ ಮೇ 31ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಜಾನ್ಸ್‌ಟೌನ್ ಎಂಬ ಊರಿನಲ್ಲಿ ಆಗಿದೆ. ಆ ಒಂದು ಸಂಜೆ ಸತ್ತವರು 2,209 ಜನ.

ನಾನು ಪಿಟ್ಸ್‌ಬರ್ಗ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಎಂ.ಎಸ್. ಓದುತ್ತಿದ್ದೇನೆ. ಅಣೆಕಟ್ಟೆಗಳ ಪಾಠ ಶುರುವಾದರೆ ಇಲ್ಲಿ ಜಾನ್ಸ್‌ಟೌನ್ ಹೆಸರು ಬಂದೇ ಬರುತ್ತದೆ. ಕಾರಿನಲ್ಲಿ ಪೂರ್ವಕ್ಕೆ ಒಂದೂವರೆ ಗಂಟೆಯ ದಾರಿ. ಪುಸ್ತಕದಲ್ಲಿ ಓದಿದ್ದು ಸಾಕಾಗದೆ, ಕಳೆದ ವಸಂತದ ಒಂದು ವಾರಾಂತ್ಯ ಇಬ್ಬರು ಗೆಳೆಯರೊಂದಿಗೆ ಹೋಗಿ ನೋಡಿ ಬಂದೆ. ಕಂಡದ್ದನ್ನೂ ತಿಳಿದದ್ದನ್ನೂ ಬರೆಯದೆ ಇರಲಾಗಲಿಲ್ಲ.

ಜಾನ್ಸ್‌ಟೌನ್ ಇರುವುದು ಕಡಿದಾದ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ. ಲಿಟ್ಲ್ ಕೋನಮಾ ಮತ್ತು ಸ್ಟೋನಿಕ್ರೀಕ್ ಎಂಬ ಎರಡು ನದಿಗಳು ಇಲ್ಲಿ ಕೂಡಿ ಕೋನಮಾ ನದಿಯಾಗುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಕೇಂಬ್ರಿಯಾ ಐರನ್ ಕಂಪನಿಯ ಕುಲುಮೆಗಳಿಂದಾಗಿ ಊರು ಬೆಳೆಯಿತು. ಜರ್ಮನಿ, ವೇಲ್ಸ್, ಐರ್ಲೆಂಡಿನಿಂದ ಕೆಲಸ ಅರಸಿ ಬಂದವರು ಇಲ್ಲಿ ಮನೆ ಮಾಡಿದರು. 1889ರ ಹೊತ್ತಿಗೆ ಕಣಿವೆಯಲ್ಲಿ ಸುಮಾರು 30 ಸಾವಿರ ಜನರಿದ್ದರು. ಊರು ಬೆಳೆದಂತೆ ಗುಡ್ಡಗಳ ಮರ ಕಡಿದರು. ನದಿಯ ದಡಕ್ಕೆ ಕುಲುಮೆಯ ಕಿಟ್ಟ ಸುರಿದು ಜಾಗ ಮಾಡಿಕೊಂಡರು. ಮಳೆನೀರು ಇಳಿಯುವ ವೇಗ ಹೆಚ್ಚಿತು, ಹರಿಯುವ ದಾರಿ ಕಿರಿದಾಯಿತು. ನೆರೆ ಅಲ್ಲಿನವರಿಗೆ ಹಳೆಯ ನೆಂಟನಂತಾಗಿತ್ತು. ನೀರು ಏರಿದರೆ ಸಾಮಾನು ಮಹಡಿಗೆ ಸಾಗಿಸುವುದು, ಇಳಿದ ಮೇಲೆ ಕೆಸರು ತೊಳೆಯುವುದು, ಅಷ್ಟೇ.

ಆದರೆ ಊರಿನಿಂದ ಸುಮಾರು 23 ಕಿ.ಮೀ. ಮೇಲಕ್ಕೆ, ಊರಿಗಿಂತ 450 ಅಡಿ ಎತ್ತರದಲ್ಲಿ, ಇನ್ನೊಂದು ನೀರಿತ್ತು.

ಸೌತ್ ಫೋರ್ಕ್ ಎಂಬಲ್ಲಿ ರಾಜ್ಯ ಸರ್ಕಾರವೇ ಕಾಲುವೆ ಸಾರಿಗೆಗೆ ನೀರು ಒದಗಿಸಲೆಂದು ಮಣ್ಣಿನ ಅಣೆಕಟ್ಟೆ ಕಟ್ಟಿಸಿತ್ತು. ಎತ್ತರ 72 ಅಡಿ, ಉದ್ದ 930 ಅಡಿಗೂ ಹೆಚ್ಚು. ಕೆಲಸ ಮುಗಿಯುವ ಹೊತ್ತಿಗೆ ರೈಲು ಬಂತು, ಕಾಲುವೆ ಮೂಲೆಗುಂಪಾಯಿತು. ಅಣೆಕಟ್ಟೆ ರೈಲ್ವೆ ಕಂಪನಿಯ ಕೈಗೆ ಹೋಯಿತು, ಅಲ್ಲಿಂದ ಜಾನ್ ರೈಲಿ ಎಂಬ ರಾಜಕಾರಣಿಯ ಕೈಗೆ ಬಂತು. ಬುಡದಲ್ಲಿ ನೀರು ಬಿಡಲು ಹಾಕಿದ್ದ ಕಬ್ಬಿಣದ ಕೊಳವೆಗಳನ್ನು ಆತ ಕೀಳಿಸಿ ಗುಜರಿಗೆ ಮಾರಿಬಿಟ್ಟ. 1879ರಲ್ಲಿ ಬೆಂಜಮಿನ್ ರಫ್ ಎಂಬಾತ ಅದನ್ನು ಕೊಂಡು ಶ್ರೀಮಂತರಿಗಾಗಿ ‘ಸೌತ್ ಫೋರ್ಕ್ ಫಿಶಿಂಗ್ ಅಂಡ್ ಹಂಟಿಂಗ್ ಕ್ಲಬ್’ ಕಟ್ಟಿದ. ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಆಂಡ್ರ್ಯೂ ಮೆಲನ್ ಅದರ ಸದಸ್ಯರು. ಪಿಟ್ಸ್‌ಬರ್ಗ್‌ನಲ್ಲಿ ಇಂದಿಗೂ ಕಟ್ಟಡಗಳ ಮೇಲೆ, ರಸ್ತೆಗಳ ಮೇಲೆ ದಿನಾ ಕಾಣುವ ಹೆಸರುಗಳಿವು.

ಕ್ಲಬ್ಬಿನವರು ಏರಿಯ ಹಾಳಾದ ಭಾಗಕ್ಕೆ ಮಣ್ಣು, ಹುಲ್ಲು, ಕಡ್ಡಿ ತುಂಬಿ ಮುಚ್ಚಿದರು. ಕಿತ್ತ ಕೊಳವೆಗಳ ಜಾಗಕ್ಕೆ ಹೊಸದನ್ನು ಹಾಕಲಿಲ್ಲ. ಏರಿಯ ಮೇಲೆ ಕುದುರೆಗಾಡಿಗಳು ಆರಾಮಾಗಿ ಓಡಾಡಲಿ ಎಂದು ನೆತ್ತಿಯನ್ನು ತಗ್ಗಿಸಿದರು. ದುಬಾರಿ ಬಾಸ್ ಮೀನು ಹೊರಗೆ ಹೋಗದಿರಲೆಂದು ನೀರು ಹೊರಹೋಗುವ ಬಾಯಿಗೆ ಜಾಲರಿ ಹಾಕಿದರು.

ಇದನ್ನು ಒಂದು ರಾತ್ರಿ ಫೋನಿನಲ್ಲಿ ನಮ್ಮ ತಾತನಿಗೆ ವಿವರಿಸಿದೆ. ತಾತ ಕೋಲಾರದ ಕಡೆಯವರು. ನಮ್ಮೂರ ಕೆರೆಗೆ ಬಹುಕಾಲ ನೀರಗಂಟಿಯಾಗಿದ್ದವರು. ‘ಡಿಸ್ಚಾರ್ಜ್ ಪೈಪ್’, ‘ಸ್ಪಿಲ್‌ವೇ’ ಎಂದು ನಾನು ತಡವರಿಸುತ್ತಿದ್ದರೆ ಅವರೇ ಮಧ್ಯೆ ಬಾಯಿ ಹಾಕಿದರು: ‘ಅಂದರೆ ತೂಬು ಕಿತ್ತು ಮಾರಿದರು, ಏರಿ ತಗ್ಗಿಸಿದರು, ಕೋಡಿಗೆ ಬಲೆ ಕಟ್ಟಿದರು. ಇನ್ನು ಆ ಕೆರೆ ಉಳಿಯೋದು ಹೇಗಪ್ಪ?’ ಒಂದು ಸೆಮಿಸ್ಟರಿನ ಪಾಠ ಮೂರು ಮಾತಿನಲ್ಲಿ ಮುಗಿದಿತ್ತು. ಕೆರೆ ತುಂಬಿದಾಗ ನೀರು ತಾನಾಗಿ ಹೊರಹೋಗಲು ಕೋಡಿ ಬೇಕು, ಬೇಕೆಂದಾಗ ಖಾಲಿ ಮಾಡಲು ತೂಬು ಬೇಕು. ಎರಡೂ ಇಲ್ಲದಿದ್ದರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಅದು ಕೊರೆದುಕೊಂಡು ಹೋಗುತ್ತದೆ.

ಹಾಗಾದರೆ ಅಂದಿನವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಕೇಂಬ್ರಿಯಾ ಐರನ್ ಕಂಪನಿಯ ಮುಖ್ಯಸ್ಥ ಡೇನಿಯಲ್ ಮೊರೆಲ್, 1880ರಲ್ಲಿಯೇ ತನ್ನ ಎಂಜಿನಿಯರ್ ಜಾನ್ ಫುಲ್ಟನ್‌ನನ್ನು ಕಳಿಸಿ ಅಣೆಕಟ್ಟೆ ಪರೀಕ್ಷೆ ಮಾಡಿಸಿದ್ದ. ನೀರು ಬಿಡುವ ಕೊಳವೆ ಇಲ್ಲ, ದುರಸ್ತಿ ಸರಿಯಾಗಿಲ್ಲ ಎಂದು ಫುಲ್ಟನ್ ಬರೆದುಕೊಟ್ಟ. ಸರಿಪಡಿಸುವುದಾದರೆ ಖರ್ಚಿನಲ್ಲಿ ಪಾಲು ಕೊಡಲು ಸಿದ್ಧ ಎಂದು ಮೊರೆಲ್ ಕ್ಲಬ್ಬಿಗೆ ತಿಳಿಸಿದ. ನಿಮಗೆ ನಮ್ಮಿಂದ ಯಾವ ಅಪಾಯವೂ ಇಲ್ಲ ಎಂಬ ಉತ್ತರ ಬಂತು. ಒಂಬತ್ತು ವರ್ಷ ಏನೂ ಆಗಲಿಲ್ಲ. ಏನೂ ಆಗದ ವರ್ಷಗಳೇ ಎಚ್ಚರಿಕೆಯ ದೊಡ್ಡ ಶತ್ರು ಎಂದು ನನಗೆ ಈಗ ಅನ್ನಿಸುತ್ತದೆ.

1889ರ ಮೇ 30ರ ರಾತ್ರಿ ಮಳೆ ಹಿಡಿಯಿತು. ಬೆಳಗಾಗುವಷ್ಟರಲ್ಲಿ ಜಾನ್ಸ್‌ಟೌನ್ ಬೀದಿಗಳಲ್ಲಿ ನೀರು ನಿಂತಿತ್ತು. ಮೇಲೆ ಸರೋವರ ಗಂಟೆಗಂಟೆಗೂ ಏರುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ಎಲಿಯಾಸ್ ಉಂಗರ್ ಆಳುಗಳನ್ನು ಸೇರಿಸಿ ಏರಿಗೆ ಮಣ್ಣು ಹಾಕಿಸಿದ, ಹೊಸ ಕೋಡಿ ಅಗೆಸಲು ನೋಡಿದ, ಜಾಲರಿಗೆ ಸಿಕ್ಕಿಕೊಂಡ ಕಸ ತೆಗೆಸಲು ಹೆಣಗಿದ. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಎಂಜಿನಿಯರ್ ಜಾನ್ ಪಾರ್ಕ್ ಕುದುರೆ ಹತ್ತಿ ಸೌತ್ ಫೋರ್ಕ್ ಪೇಟೆಗೆ ಧಾವಿಸಿ, ಕೆಳಗಿನವರಿಗೆ ತಂತಿ ಕಳಿಸಿ ಎಂದ. ಸಂದೇಶ ಹೊರಟಿತು. ಆದರೆ ಅಣೆಕಟ್ಟೆ ಒಡೆಯುತ್ತದಂತೆ ಎಂಬ ಮಾತನ್ನು ಊರಿನವರು ಹಿಂದೆಯೂ ಎಷ್ಟೋ ಸಲ ಕೇಳಿದ್ದರು. ಯಾರೂ ಊರು ಬಿಡಲಿಲ್ಲ.

ಮಧ್ಯಾಹ್ನ 3ರ ಸುಮಾರಿಗೆ ಏರಿ ಒಡೆಯಿತು. ಸುಮಾರು 2 ಕೋಟಿ ಟನ್ ನೀರು ಕಣಿವೆಗೆ ನುಗ್ಗಿತು. ದಾರಿಯಲ್ಲಿನ ಮನೆ, ಮರ, ರೈಲು ಎಂಜಿನ್, ಕಾರ್ಖಾನೆಯ ಮುಳ್ಳುತಂತಿ ಎಲ್ಲವನ್ನೂ ಹೊತ್ತು ಬಂತು. ಈಸ್ಟ್ ಕೋನಮಾ ಎಂಬಲ್ಲಿ ಜಾನ್ ಹೆಸ್ ಎಂಬ ರೈಲು ಚಾಲಕನಿಗೆ ಅದರ ಸದ್ದು ಕೇಳಿಸಿತು. ಆತ ಎಂಜಿನ್ನಿನ ಶಿಳ್ಳೆಯನ್ನು ಕಟ್ಟಿ, ನಿಲ್ಲದೆ ಕೂಗುವಂತೆ ಮಾಡಿ ಊರಿನತ್ತ ಓಡಿಸಿದ. ಆ ಕೂಗು ಕೇಳಿ ಗುಡ್ಡ ಹತ್ತಿದವರು ಬದುಕಿಕೊಂಡರು. ಆ ದಿನ ಕೆಲವರಿಗಾದರೂ ಸಮಯಕ್ಕೆ ಮುಟ್ಟಿದ ಎಚ್ಚರಿಕೆ ಅದೊಂದೇ ಎನ್ನಬೇಕು.

ಒಡೆದ ಸುಮಾರು ಒಂದು ಗಂಟೆಯಲ್ಲಿ ನೀರು ಜಾನ್ಸ್‌ಟೌನ್ ತಲುಪಿತು. ಊರು ನೆಲಸಮವಾಗಲು ಹತ್ತು ನಿಮಿಷ ಸಾಕಾಯಿತು. ಕೆಳಗಿನ ಕಲ್ಲಿನ ರೈಲು ಸೇತುವೆಗೆ ಅವಶೇಷಗಳ ರಾಶಿ ಬಡಿದು ನಿಂತಿತು. ಸಂಜೆ ಅದಕ್ಕೆ ಬೆಂಕಿ ಹತ್ತಿತು. ನೀರಿನಿಂದ ಉಳಿದು ರಾಶಿಯೊಳಗೆ ಸಿಕ್ಕಿಕೊಂಡಿದ್ದವರು ಅಲ್ಲಿಯೇ ಸುಟ್ಟುಹೋದರು. 99 ಕುಟುಂಬಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಸೇತುವೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದರ ಕಮಾನುಗಳನ್ನು ನೋಡುತ್ತ ನಾವು ಮೂವರೂ ಬಹಳ ಹೊತ್ತು ಮಾತಾಡಲಿಲ್ಲ.

ಕೆಲವೇ ದಿನಗಳಲ್ಲಿ 67 ವರ್ಷದ ಕ್ಲಾರಾ ಬಾರ್ಟನ್ ತಮ್ಮ ರೆಡ್ ಕ್ರಾಸ್ ತಂಡದೊಂದಿಗೆ ಬಂದು ಐದು ತಿಂಗಳು ಅಲ್ಲಿಯೇ ಇದ್ದರು. ದೇಶವಿದೇಶಗಳಿಂದ ನೆರವು ಬಂತು. ಕ್ಲಬ್ಬಿನಿಂದ ಒಂದು ಸಾವಿರ ಕಂಬಳಿ ಬಂದವು. ಕಾರ್ನೆಗಿ ಊರಿನ ಗ್ರಂಥಾಲಯವನ್ನು ಮತ್ತೆ ಕಟ್ಟಿಸಿಕೊಟ್ಟ. ಆ ಕಟ್ಟಡವೇ ಈಗ ನೆರೆಯ ವಸ್ತುಸಂಗ್ರಹಾಲಯ! ಆದರೆ ನ್ಯಾಯಾಲಯಕ್ಕೆ ಹೋದವರಿಗೆ ಕ್ಲಬ್ಬಿನಿಂದ ಒಂದು ಡಾಲರ್ ಕೂಡ ಸಿಗಲಿಲ್ಲ. ಇದು ದೈವದ ಕೃತ್ಯ ಎಂದಾಯಿತು. ಸಿವಿಲ್ ಎಂಜಿನಿಯರುಗಳ ಸಂಘದ ತನಿಖಾ ಸಮಿತಿಯೂ 1891ರಲ್ಲಿ, ಕ್ಲಬ್ ಏನನ್ನೂ ಬದಲಿಸದೆ ಇದ್ದರೂ ಅಂದಿನ ಮಳೆಗೆ ನೀರು ಏರಿ ಮೀರುತ್ತಿತ್ತು ಎಂದಿತು. ಆ ಮಾತನ್ನು ಅಳೆದು ನೋಡಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನ್ಸ್‌ಟೌನ್ ಕ್ಯಾಂಪಸ್‌ನ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿ, ಏರಿ ತಗ್ಗಿಸಿದ್ದರಿಂದ ನೀರು ಹೊರಹಾಕುವ ಶಕ್ತಿಯೇ ತಗ್ಗಿತ್ತು, ಮೂಲ ವಿನ್ಯಾಸದಂತೆಯೇ ಇದ್ದಿದ್ದರೆ ಅಣೆಕಟ್ಟೆ ಉಳಿಯುತ್ತಿತ್ತು ಎಂದು ತೋರಿಸಿದರು. ದೈವದ ತಲೆಗೆ ಕಟ್ಟಿದ್ದ ಲೆಕ್ಕ ಮನುಷ್ಯರ ಖಾತೆಗೆ ಮರಳಿತು.

ಜನರ ಸಿಟ್ಟು ಮಾತ್ರ ಅಂದೇ ವ್ಯರ್ಥವಾಗಲಿಲ್ಲ. ಅಪಾಯಕಾರಿ ವಸ್ತುವನ್ನು ತನ್ನ ಜಾಗದಲ್ಲಿ ಕೂಡಿಟ್ಟವನು ಅದು ಹೊರನುಗ್ಗಿ ಮಾಡುವ ಹಾನಿಗೂ ಹೊಣೆ ಎಂದು ಇಂಗ್ಲೆಂಡಿನ ನ್ಯಾಯಾಲಯ 1868ರಲ್ಲಿ ಹೇಳಿತ್ತು. ವಿಶೇಷವೆಂದರೆ ಅದೂ ಒಡೆದ ಜಲಾಶಯದ್ದೇ ಪ್ರಕರಣ. ಅದುವರೆಗೆ ಈ ತತ್ವವನ್ನು ಒಪ್ಪಲು ಹಿಂಜರಿದಿದ್ದ ಅಮೆರಿಕದ ಹಲವು ನ್ಯಾಯಾಲಯಗಳು ಜಾನ್ಸ್‌ಟೌನ್ ನಂತರದ ವರ್ಷಗಳಲ್ಲಿ ಅದರತ್ತ ವಾಲಿದವು. ಒಂದು ಶತಮಾನದ ಬಳಿಕ ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದೇ ಇಂಗ್ಲಿಷ್ ತೀರ್ಪನ್ನು ಎತ್ತಿಕೊಂಡು, ಅದಕ್ಕಿಂತಲೂ ಮುಂದೆ ಹೋಗಿ, ಅಪಾಯಕಾರಿ ಉದ್ಯಮ ನಡೆಸುವವರಿಗೆ ಯಾವ ವಿನಾಯಿತಿಯೂ ಇಲ್ಲ ಎಂದು ಹೇಳಿತು.

ಜಾನ್ಸ್‌ಟೌನ್ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. 1891ರಲ್ಲಿ ಕಣಿವೆಯಿಂದ ಗುಡ್ಡದ ನೆತ್ತಿಗೆ ಇಳಿಜಾರು ರೈಲು ಬಂತು. ಜನ ಎತ್ತರದಲ್ಲಿ ಮನೆ ಕಟ್ಟತೊಡಗಿದರು. 1936ರ ಮಾರ್ಚ್‌ನಲ್ಲಿ ಮತ್ತೆ ನೆರೆ ಬಂದಾಗ ಸಾವಿರಾರು ಜನ ಜೀವ ಉಳಿಸಿಕೊಳ್ಳಲು ಹತ್ತಿದ್ದು ಅದೇ ರೈಲನ್ನು. ಆಮೇಲೆ ಸೇನೆಯ ಎಂಜಿನಿಯರುಗಳು ನದಿಗಳಿಗೆ ಕಾಂಕ್ರೀಟ್ ಗೋಡೆ ಕಟ್ಟಿದರು. ಜಾನ್ಸ್‌ಟೌನ್ ‘ನೆರೆಮುಕ್ತ ನಗರ’ ಎಂದು ತನ್ನನ್ನು ಕರೆದುಕೊಂಡಿತು. 1977ರ ಜುಲೈನ ಒಂದು ರಾತ್ರಿ ಗುಡುಗುಮಳೆ ಕಣಿವೆಯ ಮೇಲೆಯೇ ನಿಂತು ಸುರಿಯಿತು. ಸುತ್ತಲಿನ ಹಲವು ಸಣ್ಣ ಅಣೆಕಟ್ಟೆಗಳು ಒಡೆದವು. 80ಕ್ಕೂ ಹೆಚ್ಚು ಜನ ಸತ್ತರು. ಮೊದಲೇ ಸೊರಗುತ್ತಿದ್ದ ಉಕ್ಕಿನ ಉದ್ಯಮ ಮತ್ತೆ ಚೇತರಿಸಿಕೊಳ್ಳಲಿಲ್ಲ. 1920ರಲ್ಲಿ 67 ಸಾವಿರ ಜನರಿದ್ದ ನಗರದಲ್ಲಿ 2020ರ ಜನಗಣತಿಯ ಹೊತ್ತಿಗೆ ಉಳಿದವರು 18 ಸಾವಿರ ಚಿಲ್ಲರೆ.

ಗೋಡೆ ಕಟ್ಟಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಗೋಡೆಯಿಲ್ಲದಿದ್ದರೆ 1977ರ ಹಾನಿ ಇನ್ನೂ ದೊಡ್ಡದಾಗುತ್ತಿತ್ತು. ನೆರೆ ಮುಗಿಯಿತು ಎಂದುಕೊಂಡದ್ದು ಅಪಾಯ. ಮೊದಲ ಸಲ ಅಣೆಕಟ್ಟೆಯನ್ನು ಕೈಬಿಟ್ಟರು, ಮೂರನೇ ಸಲ ಗೋಡೆಯನ್ನು ಅತಿಯಾಗಿ ನಂಬಿದರು. ಎರಡರಲ್ಲೂ ಮರೆತದ್ದು ಮೇಲಿನ ನೀರನ್ನು.

ಆದರೆ ಈ ಊರಿನ ಒಂದು ಗುಣ ನನಗೆ ಬಹಳ ಹಿಡಿಸಿತು. ಅದು ತನ್ನ ನೋವನ್ನು ಅಳಿಸಿ ಹಾಕಿಲ್ಲ. ಪುರಭವನದ ಮೂಲೆಯ ಗೋಡೆಯಲ್ಲಿ ಮೂರೂ ನೆರೆಗಳ ನೀರಿನ ಮಟ್ಟ ಗುರುತು ಹಾಕಿದ್ದಾರೆ. 1889ರ ಗುರುತು ನೋಡಲು ಕತ್ತು ಎತ್ತಬೇಕು. ಗುಡ್ಡದ ಮೇಲಿನ ಗ್ರಾಂಡ್‌ವ್ಯೂ ಸ್ಮಶಾನದಲ್ಲಿ ಗುರುತು ಸಿಗದ 777 ಜನರನ್ನು ಮಣ್ಣು ಮಾಡಿದ ಜಾಗವಿದೆ. ಬಿಳಿಯ ಕಲ್ಲುಗಳು ಸಾಲುಸಾಲಾಗಿವೆ, ಒಂದರ ಮೇಲೂ ಹೆಸರಿಲ್ಲ. ಸೌತ್ ಫೋರ್ಕ್‌ನಲ್ಲಿ ಒಡೆದ ಏರಿಯ ಎರಡು ತುದಿಗಳನ್ನು ರಾಷ್ಟ್ರೀಯ ಸ್ಮಾರಕವಾಗಿ ಹಾಗೆಯೇ ಉಳಿಸಿದ್ದಾರೆ. ನಡುವೆ ಖಾಲಿ. ಸರೋವರವಿದ್ದ ಜಾಗದಲ್ಲಿ ಈಗ ಹುಲ್ಲು, ಮರ, ಸಣ್ಣದೊಂದು ಹೊಳೆ. ಇಷ್ಟು ಚಿಕ್ಕ ಹೊಳೆ ಅಷ್ಟು ದೊಡ್ಡ ಊರನ್ನು ನುಂಗಿತೇ ಎಂದು ಮೊದಲು ಅನ್ನಿಸುತ್ತದೆ. ನುಂಗಿದ್ದು ಹೊಳೆಯಲ್ಲ, ಕೂಡಿಟ್ಟು ಮರೆತ ನೀರು ಎಂಬುದು ಆ ಖಾಲಿ ಜಾಗವನ್ನು ನೋಡಿದಾಗ ಅರ್ಥವಾಗುತ್ತದೆ.

ನಾಳೆ ನಾನೂ ಯಾವುದೋ ಅಣೆಕಟ್ಟೆಯ ಪರೀಕ್ಷಾ ವರದಿಗೆ ಸಹಿ ಹಾಕುವವಳು. ಫುಲ್ಟನ್ ಬರೆದ ಕಾಗದ ಸರಿಯಾಗಿಯೇ ಇತ್ತು. ಆದರೂ ಅದು ಯಾರನ್ನೂ ಉಳಿಸಲಿಲ್ಲ. ಬರೆದುಕೊಟ್ಟರೆ ಕೆಲಸ ಮುಗಿಯುವುದಿಲ್ಲ, ಕೇಳಿಸುವವರೆಗೂ ಕೂಗಬೇಕು ಎಂದು ಶಿಳ್ಳೆ ಕಟ್ಟಿದ ಆ ರೈಲು ಚಾಲಕ ನನಗೆ ಕಲಿಸಿದ್ದಾನೆ.

ಎಂಜಿನಿಯರ್ ಅಲ್ಲದವರಿಗೂ ಇಲ್ಲೊಂದು ಕೆಲಸವಿದೆ. ಮುಂದಿನ ಸಲ ಯಾವುದಾದರೂ ಕೆರೆಯ ಏರಿಯ ಮೇಲೆ ನಿಂತು ಸೆಲ್ಫಿ ತೆಗೆಯುವಾಗ, ಒಂದು ನಿಮಿಷ ತಿರುಗಿ ನೋಡಿ. ಕೋಡಿ ತೆರೆದಿದೆಯೇ? ತೂಬು ಇದೆಯೇ? ಏರಿಯ ಕೆಳಗೆ ಯಾರ ಮನೆಗಳಿವೆ? ಉತ್ತರ ಸರಿಯಿಲ್ಲ ಎನ್ನಿಸಿದರೆ ಪಂಚಾಯಿತಿಯಲ್ಲಿ ಕೇಳಿ. ಒಮ್ಮೆ ಕೇಳಿ ಸುಮ್ಮನಾಗಬೇಡಿ.