ಕಿಲ್ ಹೆಚ್ಚಾದರೆ ಕ್ಯಾಪ್ಟನ್ ಆಗುವುದಿಲ್ಲ

ಮೊಬೈಲ್‌ನ ಯುದ್ಧದ ಆಟ ಬಿಜಿಎಂಐ ಆಡುವ ಹುಡುಗರು ಕಾಲೇಜು ಟೂರ್ನಿಗೆಂದು ತಂಡ ಕಟ್ಟುವಾಗ ಒಬ್ಬರನ್ನೊಬ್ಬರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ನಿನ್ನ ಕೆಡಿ ಎಷ್ಟು?’ ಅಂದರೆ ಪ್ರತಿ ಸಾವಿಗೆ ಎಷ್ಟು ಕಿಲ್. ಯಾರ ಕೆಡಿ ಎಲ್ಲರಿಗಿಂತ ಮೇಲಿದೆಯೋ ಅವನೇ ಐಜಿಎಲ್, ಅಂದರೆ ಇನ್-ಗೇಮ್ ಲೀಡರ್. ಎಲ್ಲಿ ಇಳಿಯಬೇಕು, ಯಾವಾಗ ಜಾಗ ಬಿಡಬೇಕು, ಯಾರ ಮೇಲೆ ಬೀಳಬೇಕು ಎಂದು ಪಂದ್ಯದ ನಡುವೆ ಹೇಳಬೇಕಾದವನು ಅವನು. ಇಷ್ಟು ದೊಡ್ಡ ಹೊಣೆ ಎರಡು ನಿಮಿಷದಲ್ಲಿ ಹಂಚಿಕೆಯಾಗಿಬಿಡುತ್ತದೆ. ಆಮೇಲೆ ಸೋಲು ಶುರು. ಫೋನನ್ನು ಬೈಯುತ್ತಾರೆ, ನೆಟ್‌ವರ್ಕ್‌ನ ಪಿಂಗನ್ನು ಬೈಯುತ್ತಾರೆ, ಸಪೋರ್ಟ್ ಆಡುವ ಹುಡುಗನನ್ನು ತೆಗೆದು ಇನ್ನೊಬ್ಬನನ್ನು ಹಾಕಿಕೊಳ್ಳುತ್ತಾರೆ. ಐಜಿಎಲ್ ಆಯ್ಕೆಯಲ್ಲೇ ಎಡವಿದೆವೇನೋ ಎಂಬ ಅನುಮಾನ ಮಾತ್ರ ಯಾರಿಗೂ ಬರುವುದಿಲ್ಲ.

ಚೆನ್ನಾಗಿ ಗುಂಡು ಹೊಡೆಯುವವನು ಚೆನ್ನಾಗಿ ತಂಡ ನಡೆಸುತ್ತಾನೆ ಎಂಬ ನಂಬಿಕೆ ಯುದ್ಧದ ಆಟಗಳಲ್ಲಿ ಬೇರೂರಿಬಿಟ್ಟಿದೆ. ನನಗೆ ಇದರ ಮೇಲಿರುವಷ್ಟು ಸಿಟ್ಟು ಬೇರೆ ಯಾವ ತಪ್ಪು ಕಲ್ಪನೆಯ ಮೇಲೂ ಇಲ್ಲ. ಏಕೆಂದರೆ ಇದರಿಂದ ಒಂದೇ ಏಟಿಗೆ ಎರಡು ನಷ್ಟ. ತಂಡಕ್ಕೆ ನಾಯಕ ಸಿಗುವುದಿಲ್ಲ, ಇದ್ದ ಒಳ್ಳೆಯ ಗುರಿಗಾರನೂ ಕೈತಪ್ಪುತ್ತಾನೆ.

ಮೊದಲು ಅಂಕದ ಲೆಕ್ಕವನ್ನೇ ನೋಡೋಣ. ದೊಡ್ಡ ಟೂರ್ನಿಗಳಲ್ಲಿ ಒಂದು ಪಂದ್ಯಕ್ಕೆ ನಾಲ್ವರ 16 ತಂಡಗಳು ಇಳಿಯುತ್ತವೆ. ರೂಢಿಯಲ್ಲಿರುವ ಪದ್ಧತಿಯಲ್ಲಿ ಕೊನೆಯವರೆಗೆ ಉಳಿದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಮೂರನೆಯದಕ್ಕೆ 5, ಹೀಗೆ ಇಳಿಯುತ್ತಾ ಹೋಗಿ ಎಂಟನೆಯ ಸ್ಥಾನದ ನಂತರ ಸೊನ್ನೆ. ಪ್ರತಿ ಫಿನಿಷ್‌ಗೆ, ಅಂದರೆ ಎದುರಾಳಿಯೊಬ್ಬನನ್ನು ಕೊಂದದ್ದಕ್ಕೆ, 1. ಒಂಬತ್ತನೆಯ ಸ್ಥಾನದಲ್ಲಿ ಸತ್ತು ಹತ್ತು ಫಿನಿಷ್ ಮಾಡಿದ ತಂಡಕ್ಕೆ 10 ಅಂಕ ಬಂದರೆ, ಆರೇ ಫಿನಿಷ್ ಮಾಡಿ ಕೊನೆಯವರೆಗೆ ಬದುಕಿದ ತಂಡಕ್ಕೆ 16. ಬದುಕಿ ಉಳಿಯುವುದು ಬೆರಳಿನ ವೇಗಕ್ಕಿಂತ ಹೆಚ್ಚಾಗಿ ನಿಂತ ಜಾಗದ ಪ್ರಶ್ನೆ. ಆ ಜಾಗವನ್ನು ಮೊದಲೇ ಕಂಡು ಹಿಡಿಯುವುದು ಐಜಿಎಲ್‌ನ ಕೆಲಸ.

ಆ ಕೆಲಸ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಕೆಡಿ ಯಾಕೆ ಅಡ್ಡದಾರಿ ಹಿಡಿಸುತ್ತದೆ ಎಂದು ತಿಳಿಯುತ್ತದೆ. ಎರಾಂಗೆಲ್ ಎಂಬ ನಕ್ಷೆಯಲ್ಲಿ ಪೊಚಿಂಕಿ ಊರಿನ ಬಳಿ ನಾಲ್ವರು ಒಂದು ಮನೆಯಲ್ಲಿದ್ದಾರೆ ಅನ್ನಿ. ಮುಂದಿನ ಸುರಕ್ಷಿತ ಜಾಗ ತೋರಿಸುವ ಬಿಳಿ ವೃತ್ತ ಆಗಷ್ಟೇ ಬಿದ್ದಿದೆ, ಅದರ ಹೆಚ್ಚಿನ ಪಾಲು ದಕ್ಷಿಣದ ಸೇತುವೆಗಳಾಚೆ ಮಿಲಿಟರಿ ಬೇಸ್ ಇರುವ ದ್ವೀಪದ ಮೇಲಿದೆ. ದಾಟುವುದಾದರೆ ಈಗಲೇ ದಾಟಬೇಕು, ತಡಮಾಡಿದರೆ ಸೇತುವೆಯ ಆಚೆ ಬದಿಯಲ್ಲಿ ಯಾರಾದರೂ ಕಾದು ಕೂತಿರುತ್ತಾರೆ. ಅಷ್ಟರಲ್ಲಿ ಎದುರಿನ ಕಟ್ಟಡದಿಂದ ಗುಂಡು ಶುರುವಾಗುತ್ತದೆ. ಮೂವರ ಕಣ್ಣೂ ಅತ್ತ. ಐಜಿಎಲ್ ಆದವನು ಆ ಹೊತ್ತಿನಲ್ಲಿ ಪೂರ್ತಿ ನಕ್ಷೆ ತೆರೆಯಬೇಕು. ಫೋನಿನಲ್ಲಿ ನಕ್ಷೆ ತೆರೆದರೆ ಪರದೆಯೆಲ್ಲ ಅದೇ, ಎದುರಾಳಿ ಕಾಣುವುದಿಲ್ಲ, ಗುಂಡು ಹೊಡೆಯಲಾಗುವುದಿಲ್ಲ. ಯಾವ ತಂಡ ಯಾವ ಕಡೆಯಿಂದ ಬರಬಹುದು, ಗಾಡಿ ಎಲ್ಲಿದೆ, ಪೆಟ್ರೋಲ್ ಎಷ್ಟಿದೆ, ಸ್ಮೋಕ್ ಗ್ರೆನೇಡ್ ಯಾರ ಬಳಿ ಉಳಿದಿದೆ ಎಂಬುದನ್ನೆಲ್ಲ ಅವನು ಕೂಡಿಸಿ ಕಳೆಯುತ್ತಿರುವಾಗ ಎದುರಿನವನ ತಲೆ ಕಿಟಕಿಯಲ್ಲಿ ಕಂಡು ಮರೆಯಾಗಿರುತ್ತದೆ. ಆ ಫಿನಿಷ್ ಬೇರೆಯವನಿಗೆ ಹೋಗುತ್ತದೆ. ಪಂದ್ಯ ಮುಗಿದ ಮೇಲೆ ಪಟ್ಟಿಯಲ್ಲಿ ಐಜಿಎಲ್ ಕೆಳಗಿದ್ದರೆ ಅದು ಅವನ ದೌರ್ಬಲ್ಯ ಅಲ್ಲ, ಅವನು ತನ್ನ ಕೆಲಸ ಮಾಡಿದ್ದರ ಗುರುತು.

ಇದೇ ಸ್ಥಾನದಲ್ಲಿ ತಂಡದ ಅತ್ಯುತ್ತಮ ಗುರಿಗಾರನನ್ನು ಕೂರಿಸಿ. ಗುಂಡಿನ ಸದ್ದು ಕೇಳಿದ ಕೂಡಲೇ ಅವನು ಕಿಟಕಿಗೆ ಓಡುತ್ತಾನೆ. ಅದು ತಪ್ಪಲ್ಲ, ಅವನ ಕೈ ಪಳಗಿರುವುದೇ ಅದಕ್ಕೆ. ನಕ್ಷೆ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ವೃತ್ತದ ಹೊರಗಿದ್ದವರ ಜೀವ ಹೀರುವ ನೀಲಿ ವಲಯ ಬೆನ್ನಿಗೆ ಬಂದಾಗ ನಾಲ್ವರೂ ಒಟ್ಟಿಗೆ ಸೇತುವೆಯ ಕಡೆ ಓಡಿ ಅಲ್ಲೇ ಬೀಳುತ್ತಾರೆ. ಆದರೂ ಅವನ ಹೆಸರಿನ ಮುಂದೆ ಮೂರು ಫಿನಿಷ್ ಇರುತ್ತವೆ, ಹಾಗಾಗಿ ತಪ್ಪು ಬೇರೆಯವರದ್ದು ಎಂದೇ ತೀರ್ಮಾನವಾಗುತ್ತದೆ.

ಇದು ಮೊಬೈಲ್ ಆಟದ ಮಾತು, ದೊಡ್ಡವರ ಆಟದಲ್ಲಿ ಹಾಗಿಲ್ಲ ಎನ್ನುವವರು ಕಂಪ್ಯೂಟರಿನಲ್ಲಿ ಆಡುವ ಕೌಂಟರ್ ಸ್ಟ್ರೈಕ್ ಕಡೆ ನೋಡಲಿ. ಡೆನ್ಮಾರ್ಕ್‌ನ ಫಿನ್ ಆಂಡರ್ಸನ್, ಆಟದ ಹೆಸರು ಕ್ಯಾರಿಗನ್. ಗುಂಡಿನ ಅಂಕಿಅಂಶದಲ್ಲಿ ತನ್ನ ತಂಡದ ತಳದಲ್ಲಿರುವುದು ಅವನಿಗೆ ಹೊಸದಲ್ಲ. 2018ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಆ ಆಟದ ಅತಿ ದೊಡ್ಡ ಟೂರ್ನಿಯಾದ ಮೇಜರ್‌ನ ಫೈನಲ್‌ನಲ್ಲಿ ಅವನ ಫೇಜ್ ತಂಡ ಕೊನೆಯ ಮ್ಯಾಪ್‌ನಲ್ಲಿ 15-11ರ ಮುನ್ನಡೆಯಿಂದ ಕ್ಲೌಡ್ 9 ಎದುರು ಸೋತಿತು. ಆ ವರ್ಷ ಮುಗಿಯುವ ಹೊತ್ತಿಗೆ ತಂಡ ಅವನನ್ನು ಹೊರಗೆ ಕೂರಿಸಿ ಮುಂದಾಳತ್ವವನ್ನು ನಿಕೋಗೆ ಕೊಟ್ಟಿತು. ನಿಕೋ ಆಗ ಜಗತ್ತಿನ ಅತ್ಯುತ್ತಮ ಗುರಿಗಾರರಲ್ಲೊಬ್ಬ. ಅವನ ಕಾಲದಲ್ಲಿ ಫೇಜ್ ಟೂರ್ನಿ ಗೆಲ್ಲಲೇ ಇಲ್ಲ ಎಂದರೆ ತಪ್ಪಾಗುತ್ತದೆ, ಗೆದ್ದಿತು. ಮೇಜರ್ ಮಾತ್ರ ಕೈಗೆ ಬರಲಿಲ್ಲ. 2021ರಲ್ಲಿ ಕ್ಯಾರಿಗನ್ ಮರಳಿದ. 2022ರ ಮೇ ತಿಂಗಳಲ್ಲಿ ಆಂಟ್ವರ್ಪ್‌ನಲ್ಲಿ ನಾವಿ ತಂಡವನ್ನು 2-0 ಅಂತರದಲ್ಲಿ ಸೋಲಿಸಿ ಫೇಜ್ ಮೇಜರ್ ಗೆದ್ದಿತು. ಆ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡವನು ಅದೇ ತಂಡದ ನಾರ್ವೆಯ ರೇನ್. ನಾಯಕ ಒಬ್ಬ, ಮಿಂಚಿದವನು ಇನ್ನೊಬ್ಬ. ತಂಡ ಎಂದರೆ ಇದು.

ಗುರಿಗಾರ ನಾಯಕನಾಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಬ್ರೆಜಿಲ್‌ನ ಗೇಬ್ರಿಯಲ್ ಟೊಲೆಡೊ, ಎಲ್ಲರೂ ಕರೆಯುವಂತೆ ಫಾಲೆನ್, ಸ್ನೈಪರ್ ಹಿಡಿದುಕೊಂಡೇ ತಂಡ ನಡೆಸಿ 2016ರಲ್ಲಿ ಎರಡು ಮೇಜರ್ ಗೆದ್ದ. ಆ ವರ್ಷದ ಅತ್ಯುತ್ತಮ ಆಟಗಾರರಲ್ಲೂ ಅವನಿದ್ದ. ಅವನಲ್ಲಿ ಎರಡೂ ವಿದ್ಯೆ ಇದ್ದವು. ಒಂದಿದ್ದರೆ ಇನ್ನೊಂದು ತಾನಾಗಿ ಬರುತ್ತದೆ ಎಂದುಕೊಳ್ಳುವುದೇ ಮೂಢನಂಬಿಕೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಗೊತ್ತಿರಬೇಕಿತ್ತು. ಇಂಗ್ಲೆಂಡಿನ ಮೈಕ್ ಬ್ರಿಯರ್ಲಿ 39 ಟೆಸ್ಟ್ ಆಡಿ ಒಂದೂ ಶತಕ ಹೊಡೆಯಲಿಲ್ಲ, ಸರಾಸರಿ 22.88. ನಾಯಕನಾಗಿ 31 ಟೆಸ್ಟ್‌ಗಳಲ್ಲಿ 18 ಗೆದ್ದ, ನಾಲ್ಕನ್ನಷ್ಟೇ ಸೋತ. ಆ ಕಾಲದ ಅತಿ ದೊಡ್ಡ ಆಟಗಾರ ಇಯಾನ್ ಬೋಥಮ್ 12 ಟೆಸ್ಟ್‌ಗಳಿಗೆ ನಾಯಕನಾಗಿ ಒಂದನ್ನೂ ಗೆಲ್ಲಲಿಲ್ಲ. 1981ರಲ್ಲಿ ನಾಯಕತ್ವ ಬಿಟ್ಟ ಮರು ಟೆಸ್ಟ್‌ನಲ್ಲೇ, ಹೆಡಿಂಗ್ಲಿಯಲ್ಲಿ, ಬ್ರಿಯರ್ಲಿಯ ಕೈಕೆಳಗೆ ಅಜೇಯ 149 ಹೊಡೆದ. ಹೊರೆ ಇಳಿಸಿದ್ದರಿಂದ ಅವನಿಗೂ ತಂಡಕ್ಕೂ ಒಳ್ಳೆಯದಾಯಿತು.

ಹಾಗಾದರೆ ಯಾರನ್ನು ಆರಿಸಬೇಕು? ಗುಂಡಿನ ನಡುವೆ ದನಿ ಏರದವನನ್ನು. ಅರೆಬರೆ ಮಾಹಿತಿಯಲ್ಲೂ ಹೊತ್ತು ಮೀರುವ ಮೊದಲೇ ನಿರ್ಧಾರಕ್ಕೆ ಬರುವವನನ್ನು. ಸಂಗಾತಿ ಬಿದ್ದಾಗ, ಎತ್ತಲು ಹತ್ತು ಸೆಕೆಂಡ್ ಬೇಕು, ವಲಯ ಅಷ್ಟು ಬಿಡುವುದಿಲ್ಲ, ಬಿಟ್ಟು ಹೊರಡಿ ಎಂದು ಹೇಳಲು ಧೈರ್ಯ ಇರುವವನನ್ನು. ಅವನು ಹೇಳಿದರೆ ಉಳಿದವರು ಕೇಳುತ್ತಾರೆಯೇ ಎಂಬುದನ್ನೂ ನೋಡಿ. ಸರಿಯಾದ ಪ್ಲಾನ್ ಅನ್ನು ಇಬ್ಬರು ಮಾತ್ರ ಪಾಲಿಸುವುದಕ್ಕಿಂತ ಸಾಧಾರಣ ಪ್ಲಾನ್ ಅನ್ನು ನಾಲ್ವರೂ ಪಾಲಿಸುವುದೇ ಮೇಲು. ಐಜಿಎಲ್ ಮೊದಲು ಸತ್ತರೆ ಮುಂದೆ ಯಾರ ಮಾತು ನಡೆಯಬೇಕು ಎಂಬುದೂ ಪಂದ್ಯಕ್ಕೆ ಮುಂಚೆಯೇ ಇತ್ಯರ್ಥವಾಗಿರಲಿ.

ಹೊಂದಾಣಿಕೆಯ ಬಗ್ಗೆ ಇನ್ನೂ ಕೆಲವು ಭ್ರಮೆಗಳಿವೆ. ಜೋರಾಗಿ, ಎಡೆಬಿಡದೆ ಮಾತಾಡಿದರೆ ಹೊಂದಾಣಿಕೆ ಬರುತ್ತದೆ ಎಂಬುದು ಒಂದು. ‘ಅಲ್ಲಿದಾನೆ, ಅಲ್ಲಿದಾನೆ, ನೋಡೋ’ ಎಂದು ಮೂವರು ಕಿರುಚಿದರೆ ಸಿಗುವ ಮಾಹಿತಿ ಸೊನ್ನೆ, ಜೊತೆಗೆ ಹೆಜ್ಜೆ ಸದ್ದೂ ಮುಚ್ಚಿಹೋಗುತ್ತದೆ. ಪರದೆಯ ಮೇಲ್ಭಾಗದ ದಿಕ್ಸೂಚಿಯಲ್ಲಿ ಸಂಖ್ಯೆ ಇರುವುದು ಓದಲಿಕ್ಕೆ: ‘240, ಮರದ ಹಿಂದೆ, ಇಬ್ಬರು, ಒಬ್ಬ ನಾಕ್’. ಮಾತು ಅಲ್ಲಿಗೆ ಮುಗಿಯಬೇಕು. ಸತ್ತವರು ಬಾಯಿ ಮುಚ್ಚಿರಬೇಕು. ಕೊನೆಯವನೊಬ್ಬ ಬದುಕಿ ಕಿವಿಗೊಟ್ಟು ಆಡುವಾಗ ಸತ್ತ ಮೂವರು ಸಲಹೆ ಕೊಡುವುದು ಎದುರಾಳಿಗೆ ಮಾಡುವ ಸಹಾಯ.

ಇನ್ನೊಂದು ಭ್ರಮೆ ಭಾಷೆಯದು. ಹಿಂದಿ ಬಾರದವರು ತಂಡ ನಡೆಸಲಾರರು ಎಂದು ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಹಿಂಜರಿಯುತ್ತಾರೆ. ಆಂಟ್ವರ್ಪ್‌ನಲ್ಲಿ ಗೆದ್ದ ಫೇಜ್‌ನ ಐವರು ಡೆನ್ಮಾರ್ಕ್, ನಾರ್ವೆ, ಕೆನಡಾ, ಎಸ್ಟೋನಿಯಾ, ಲಾಟ್ವಿಯಾ ದೇಶದವರು. ಆಟದಲ್ಲಿ ಮಾತು ಇಂಗ್ಲಿಷ್‌ನಲ್ಲಿ, ಆದರೆ ನಾಲ್ವರಿಗೆ ಅದು ಮನೆಮಾತಲ್ಲ. ಒಪ್ಪಿಕೊಂಡ ಐವತ್ತು ಮಾತು ಸಾಕು, ಕನ್ನಡದ್ದಾದರೂ ಆದೀತು.

ಹೆಲ್ ಲೆಟ್ ಲೂಸ್‌ನಂಥ ಐವತ್ತು ಜನರ ವಿರುದ್ಧ ಐವತ್ತು ಜನ ಆಡುವ ಆಟಗಳಲ್ಲಿ ಮುಂದೆ ನುಗ್ಗುವವನೇ ಆಫೀಸರ್ ಎಂದುಕೊಂಡಿರುವವರಿದ್ದಾರೆ. ಅಲ್ಲಿ ಆಫೀಸರ್‌ನ ಅತಿ ದೊಡ್ಡ ಕೆಲಸ ಸರಿಯಾದ ಜಾಗದಲ್ಲಿ ಗ್ಯಾರಿಸನ್ ಕಟ್ಟುವುದು. ತಂಡದ ಯಾರೇ ಸತ್ತರೂ ಅಲ್ಲಿಂದ ಮತ್ತೆ ಹುಟ್ಟಿ ಬರಬಹುದು. ಅದಿಲ್ಲದ ಕಡೆ ಇಡೀ ತಂಡ ಅರ್ಧ ಮೈದಾನ ಓಡಿಕೊಂಡು ಬರಬೇಕು.

ಇಷ್ಟೆಲ್ಲ ಕಣ್ಣೆದುರೇ ಇದ್ದರೂ ಹುಡುಗರು ಯಾಕೆ ನಂಬುವುದಿಲ್ಲ? ಅವರು ನೋಡುವುದು ಮಾಂಟೇಜ್ ವಿಡಿಯೋಗಳನ್ನು. ಒಂದೂವರೆ ನಿಮಿಷ, ಹಾಡು, ಒಂದಾದ ಮೇಲೊಂದು ತಲೆಗೆ ಗುಂಡು. ಆ ಗುಂಡಿಗೆ ಮೊದಲು ಯಾರೋ ‘ಗಾಡಿ ಇಲ್ಲೇ ನಿಲ್ಲಿಸಿ, ಗುಡ್ಡದ ಹಿಂದೆ ಕಾಯಿರಿ’ ಅಂದಿರುತ್ತಾರೆ, ಅದು ಕತ್ತರಿಗೆ ಹೋಗಿರುತ್ತದೆ. ಅದೇ ಕಣ್ಣಿಗೆ ‘ಪ್ರೋ ಆಟಗಾರನ ಸೆನ್ಸಿಟಿವಿಟಿ ಕೋಡ್’ ಕೂಡ ಮಂತ್ರವಾಗಿ ಕಾಣುತ್ತದೆ. ಅವನ ಪರದೆಯ ಅಳತೆ ಬೇರೆ, ಬೆರಳು ಇಡುವ ರೀತಿ ಬೇರೆ, ಫೋನ್ ವಾಲಿಸಿ ಗುರಿ ಹಿಡಿಯುವ ಜೈರೊ ಅಭ್ಯಾಸ ಬೇರೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಗುರಿ ತಪ್ಪದಂತೆ ಮಾಡುತ್ತದೆ ಎಂದು ಮಾರುವ ಫೈಲ್‌ಗೆ ಅಪ್ಪ ಕೊಟ್ಟ ದುಡ್ಡು ಸುರಿದು ಅಕೌಂಟ್ ಬ್ಯಾನ್ ಆದಾಗ ಅಳುವ ಹುಡುಗರನ್ನು ಕಂಡು ನನಗೆ ಸಂಕಟವಾಗುತ್ತದೆ. ಕೋಡ್ ಮಾರುವವರು, ಕೆಡಿ ಮಾರುವವರು, ಹದಿನೈದು ದಿನಕ್ಕೆ ಪ್ರೋ ಮಾಡುತ್ತೇವೆ ಎನ್ನುವವರು ಬದುಕಿರುವುದೇ ನಾವು ಪ್ರಶ್ನೆ ಕೇಳದೆ ನಂಬುವುದರಿಂದ.

ತಂಡ ಕಟ್ಟುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಅಭ್ಯಾಸ ಪಂದ್ಯದ ಮಾತುಗಳನ್ನು ರೆಕಾರ್ಡ್ ಮಾಡಿ. ಮರುದಿನ ನಾಲ್ವರೂ ಕೂತು ಕೇಳಿ, ಸ್ಕೋರ್ ಪಟ್ಟಿ ತೆರೆಯಬೇಡಿ. ಯಾರ ಮಾತಿನಿಂದ ನೀವು ಸಮಯಕ್ಕೆ ಸರಿಯಾಗಿ ಜಾಗ ಬದಲಿಸಿದಿರಿ, ಯಾರ ಮಾತು ಗದ್ದಲವಷ್ಟೇ ಆಗಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ. ಐಜಿಎಲ್ ಯಾರಾಗಬೇಕು ಎಂಬುದನ್ನು ಆ ಕಾಗದ ನೋಡಿ ತೀರ್ಮಾನಿಸಿ. ಅದರಲ್ಲಿ ಬಂದ ಹೆಸರು ಪಟ್ಟಿಯ ಕೊನೆಯವನದ್ದೇ ಆದರೂ ಹತ್ತಾರು ಪಂದ್ಯಗಳ ಮಟ್ಟಿಗಾದರೂ ಅವನ ಮಾತು ಕೇಳಿ ಆಡಿ.