ಮೊದಲ ಪಗಾರಕ್ಕಿಂತ ಮೊದಲು ಹತ್ತನೇ ಮೆಮೊ

ಕರಣಕೋಟ: ಹತ್ತನೇ ತರಗತಿ ಪರೀಕ್ಷೆ ಮುಗಿದ ಮರುದಿನವೇ ಗಡಿ ಊರಿನ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ. ‘ಸೂಟಿ ಅದ, ಖಾಲಿ ಕೂತು ಏನ್ ಮಾಡ್ತಿ? ಎಲ್ಲ್ಯಾರ ಕೆಲಸಕ್ಕ ಹೋಗಬಾರದಾ?’ ಹುಡುಗನಿಗೂ ಆಸೆ. ಕೈಯಾಗ ನಾಲ್ಕು ರೊಕ್ಕ ಆಡಿದರೆ ತನಗೊಂದು ಅಂಗಿ, ತಂಗಿಗೆ ನೋಟಬುಕ್ಕು.

ತಾಂಡೂರು ಮಂಡಲದ ಈ ಊರಲ್ಲಿ ಕೆಲಸ ಕಣ್ಣೆದುರೇ ಕಾಣುತ್ತದೆ. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ (ಸಿಸಿಐ) ಕಾರ್ಖಾನೆ ಇರುವುದು ಇಲ್ಲೇ. ಸುತ್ತಲೂ ಪರಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ದು ಪಾಲಿಶ್ ಮಾಡುವ ಘಟಕಗಳು. ಆದರೆ ಹದಿನೈದರ ಹುಡುಗನಿಗೆ ಅತಿ ಹತ್ತಿರ ಇರುವ ಈ ಕೆಲಸಗಳೇ ಸಲ್ಲದ ಕೆಲಸಗಳು.

ಕಲ್ಲಿನ ಧೂಳು ಬೇಡ

ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ಸೂಟಿಯಲ್ಲಿ ಅಪಾಯವಿಲ್ಲದ ಮನೆಗೆಲಸ, ಹೊಲದ ಕೆಲಸಕ್ಕೆ ಮನೆಯವರಿಗೆ ಕೈ ಹಚ್ಚುವುದಕ್ಕೆ ಮಾತ್ರ ಅಡ್ಡಿಯಿಲ್ಲ.

14 ತುಂಬಿ 18 ಆಗದವರಿಗೆ ಅಪಾಯದ ಕೆಲಸ ನಿಷಿದ್ಧ. ಗಣಿ, ಸಿಮೆಂಟ್ ತಯಾರಿಕೆ ಇದರಲ್ಲಿ ಬರುತ್ತವೆ. 2017ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಕಲ್ಲು ಕೊಯ್ಯುವುದು, ಸೀಳುವುದು, ಪಾಲಿಶ್ ಮಾಡುವುದೂ ಇದೆ. ಇಟ್ಟುಕೊಂಡವರಿಗೆ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ‘ನಮ್ಮ ಹುಡುಗನೇ ಬರ್ತೀನಿ ಅಂದ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ನಾಲ್ಕು ಭಾಷೆಯ ಬಂಡವಾಳ

ಹಾಗಾದರೆ ಉಳಿದದ್ದೇನು? ಕಿರಾಣಿ, ಬಟ್ಟೆ ಅಂಗಡಿ, ಪುಸ್ತಕದ ಅಂಗಡಿ. ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. 1956ರ ರಾಜ್ಯ ಪುನರ್‌ವಿಂಗಡಣೆವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಾರಾಯಣಖೇಡ, ಜಹೀರಾಬಾದ್ ಬೀದರಿನಲ್ಲಿದ್ದವು. ಗಡಿಗೆರೆ ಬಿದ್ದರೂ ಸೇಡಂ, ಚಿಂಚೋಳಿ ಕಡೆಯ ಬೀಗತನ, ಬಜಾರು ನಿಂತಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು–ಹಿಂದಿ ಆಡುವ ಹುಡುಗ, ಹುಡುಗಿ ಗಲ್ಲೆಯ ಮುಂದೆ ನಿಂತರೆ ಗಿರಾಕಿ ಬರಿಗೈಲಿ ಹೋಗುವುದಿಲ್ಲ. ಪಗಾರ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೆಮೊ ತರುವ ನೌಕರಿ

ಭಯವಿರುವುದು ಜೂನ್ ತಿಂಗಳಲ್ಲಿ. ರೊಕ್ಕದ ರುಚಿ ಹತ್ತಿದವರು ಮತ್ತೆ ಓದಲು ಹೋಗುವುದಿಲ್ಲ. ‘ಇನ್ನೊಂದು ತಿಂಗಳು’ ಎನ್ನುತ್ತಲೇ ವರ್ಷ ಕಳೆಯುತ್ತದೆ.

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ನೌಕರಿಯನ್ನೇ ನೋಡಿ. ಬರೆಯುವ ಪರೀಕ್ಷೆ ಇಲ್ಲ, ಹತ್ತನೇ ತರಗತಿಯ ಅಂಕಗಳ ಮೇಲೆಯೇ ಆಯ್ಕೆ. ಗಣಿತ, ಇಂಗ್ಲಿಷ್ ಪಾಸಾಗಿರಬೇಕು, ವಯಸ್ಸು 18 ತುಂಬಿರಬೇಕು. ಜೊತೆಗೆ ಸ್ಥಳೀಯ ಭಾಷೆಯನ್ನು ಹತ್ತನೇವರೆಗೆ ಓದಿರಬೇಕು. ತೆಲಂಗಾಣದಲ್ಲಿ ತೆಲುಗು, ಕರ್ನಾಟಕದಲ್ಲಿ ಕನ್ನಡ. ಮನೆಯಲ್ಲಿ ಎಷ್ಟೇ ಚೆಂದ ಕನ್ನಡ ಮಾತಾಡಿದರೂ ಶಾಲೆಯಲ್ಲಿ ಓದದಿದ್ದರೆ ಸೇಡಂ ಕಡೆಯ ಅಂಚೆ ಕಚೇರಿಗೆ ಅರ್ಜಿ ಹಾಕಲಾಗದು. ಭಾಷೆಯ ವಿಷಯ ಆರಿಸುವಾಗಲೇ ತಂದೆ–ತಾಯಿ ಇದನ್ನು ಯೋಚಿಸಬೇಕು.

ಕಾರ್ಖಾನೆಯೇ ಬೇಕೆಂದರೂ ದಾರಿಯಿದೆ. ಹತ್ತನೇ ಪಾಸಾಗಿ ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿತು, 18 ತುಂಬಿದ ಮೇಲೆ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತ ಒಳಗೆ ಹೋಗಬಹುದು. ಫೇಲಾದವರಿಗೆ ಸಪ್ಲಿಮೆಂಟರಿ ಪರೀಕ್ಷೆ, ಶಾಲೆ ಬಿಟ್ಟವರಿಗೆ ತೆಲಂಗಾಣ ಓಪನ್ ಸ್ಕೂಲ್ ಇದೆ.

ಕೆಲಸಕ್ಕೆ ಸೇರುವ ಮುನ್ನ (14ರಿಂದ 18 ವರ್ಷ)

* ದಿನಕ್ಕೆ ವಿರಾಮವೂ ಸೇರಿ ಆರು ತಾಸು ಮಾತ್ರ. ಮೂರು ತಾಸಿನ ನಂತರ ಒಂದು ತಾಸು ವಿರಾಮ.
* ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ಓವರ್‌ಟೈಮ್ ಇಲ್ಲ. ವಾರಕ್ಕೊಂದು ರಜೆ.
* ಪಗಾರ ಎಷ್ಟು, ಯಾವ ದಿನ ಕೊಡುತ್ತಾರೆ ಎಂಬುದನ್ನು ಮೊದಲೇ ಕೇಳಿ. ದಿನದ ಲೆಕ್ಕ ಪಾಕೆಟ್ ಡೈರಿಯಲ್ಲಿ ಬರೆದಿಡಿ.
* ಮೂಲ ಮೆಮೊ, ಆಧಾರ್ ಮಾಲೀಕರ ಕೈಗೆ ಕೊಡಬೇಡಿ, ಝೆರಾಕ್ಸ್ ಸಾಕು.
* ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098.

ಕೆಲಸ ಬಿಡುವ ತಾರೀಖನ್ನು ಸೇರುವ ದಿನವೇ ಹೇಳಿಬಿಡಿ. ಸೂಟಿಯ ಕೆಲಸ ಸೂಟಿ ಜೊತೆಗೇ ಮುಗಿಯಲಿ.